ಪೊಲಿಕ್ಸೇನಿಯ ಪಾಲು

ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತ ಸ್ತಮಾತಿಯಾ, ಬೆಳ್ಳಿಹಾಳೆಯಲ್ಲಿ ಸುತ್ತಿದ ನಾಣ್ಯವನ್ನು ಕೇಕಿನ ಹಿಟ್ಟಿನೊಳಗೆ ತಳ್ಳಿದಳು. ಈ ಸಲದ ಮೋಸ ಮಗನಿಗಾಗಿ ಅಲ್ಲ, ವಾರಗಿತ್ತಿ ಪೊಲಿಕ್ಸೇನಿಗಾಗಿ.

ಹೊಸ ವರ್ಷದ ಕೇಕಿನಲ್ಲಿ ನಾಣ್ಯ ಯಾರಿಗೆ ಸಿಗುತ್ತದೋ ಆ ವರ್ಷದ ಅದೃಷ್ಟ ಅವರದು. ಕತ್ತರಿಸುವ ಕ್ರಮವಂತೂ ಬದಲಾಗದು. ಮೊದಲು ಕ್ರಿಸ್ತನಿಗೆ, ಆಮೇಲೆ ಮಾತೆ ಮರಿಯಳಿಗೆ, ಮನೆಗೆ, ನಂತರ ಹಿರಿಯರಿಂದ ಕಿರಿಯರವರೆಗೆ. ಮೇಲೆ ಬಾದಾಮಿಯಲ್ಲಿ ಬರೆದ ಇಸವಿಯ ತಲೆಯಿಂದಲೇ ಚಾಕು ಶುರು. ಕೇಕು ಮಾಡುವವಳಿಗೆ ಇಷ್ಟು ಗೊತ್ತಿದ್ದರೆ ಸಾಕಲ್ಲ! ಹಾಗಾಗಿಯೇ ಅವಳ ಮಗ ಇಸಿದೊರೋಸನಿಗೆ ವರ್ಷ ವರ್ಷವೂ ನಾಣ್ಯ, ಪೊಲಿಕ್ಸೇನಿಗೆ ಬರೀ ಪುಡಿ. ಎರಡು ಸಲ ಅವಳ ಬಸಿರು ನಿಲ್ಲಲಿಲ್ಲ. ಈಗ ಮತ್ತೆ ಗರ್ಭಿಣಿ.

"ಅಕ್ಕಾ, ಈ ಸಲಾನೂ ನಾಣ್ಯ ಬರ್ಲಿಲ್ಲ ಅಂದ್ರೆ ಇದೂ ಉಳಿಯಲ್ಲ," ಎಂದು ನಿನ್ನೆ ಕಿತ್ತಳೆ ಸಿಪ್ಪೆ ತುರಿಯುತ್ತಾ ಅತ್ತಿದ್ದಳು.

ಅಯ್ಯೋ, ಅವಳ ಅದೃಷ್ಟ ಕದ್ದ ಪಾಪಿ ನಾನೇ ಅಲ್ಲವೇ? ಸ್ತಮಾತಿಯಾಗೆ ರಾತ್ರಿಯಿಡೀ ನಿದ್ದೆ ಹತ್ತಿರಲಿಲ್ಲ.

"ಏನೇ, ಕೇಕಿಗೆ ಗುಟ್ಟು ಹೇಳ್ತಿದ್ದೀಯಾ?" ಅತ್ತೆ ಮರೂಕೋ ಬಾಗಿಲಲ್ಲಿದ್ದಳು.

"ಏನಿಲ್ಲ ಅತ್ತೆ. ಹಿಟ್ಟು ಸಮ ಮಾಡ್ತಿದ್ದೆ."

"ಅದ್ರಲ್ಲಿ ನೀನು ಜಾಣೆ ಬಿಡು."

ಮಧ್ಯಾಹ್ನ ಎಲ್ಲರೂ ಮೇಜಿನ ಸುತ್ತ ಕೂತರು. ಮರೂಕೋ ಚಾಕುವಿನಿಂದ ಕೇಕಿನ ಮೇಲೆ ಶಿಲುಬೆ ಗೀರಿದಳು. ಆಮೇಲೆ, ಎಂದೂ ಇಲ್ಲದ್ದು, ತಟ್ಟೆಯನ್ನು ಗರ್ರನೆ ತಿರುಗಿಸಿಬಿಟ್ಟಳು.

"ಅತ್ತೆ, ಇಸವಿಯ ತಲೆ ಆ ಕಡೆ ಹೋಯ್ತು!"

"ನಾನು ಚಾಕು ಹಿಡಿದಾಗ ನೀನಿನ್ನೂ ತೊಟ್ಟಿಲಲ್ಲಿದ್ದೆ. ವರ್ಷಾ ವರ್ಷಾ ಒಬ್ಬನಿಗೇ ಒಲಿಯೋ ಅದೃಷ್ಟಕ್ಕೂ ಸ್ವಲ್ಪ ತಲೆ ತಿರುಗ್ಲಿ."

ಸ್ತಮಾತಿಯಾಳ ಲೆಕ್ಕಾಚಾರವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಒಂದೊಂದೇ ತುಂಡು ತಟ್ಟೆಗಳಿಗೆ ಬಿತ್ತು. ಪೊಲಿಕ್ಸೇನಿಯದನ್ನು ಮಾತ್ರ ಅತ್ತೆ ಕೈಯಲ್ಲೇ ಎತ್ತಿ, ಬೆರಳಿಂದ ಒತ್ತಿ, ದಪ್ಪನೆ ಮುಂದಿಟ್ಟಳು.

"ಮೋರೆ ಯಾಕೆ ಇಳಿಸ್ಕೊಂಡಿದ್ದೀಯಾ? ಸಿಕ್ಕಿದ್ರೆ ಸಿಕ್ತು. ಇಲ್ದಿದ್ರೆ ತಿಂದು ಸುಮ್ನಿರು!"

ಎಂಥ ಕಲ್ಲೆದೆ ಈ ಮುದುಕಿಯದು, ಎಂದುಕೊಂಡಳು ಸ್ತಮಾತಿಯಾ.

ಪೊಲಿಕ್ಸೇನಿ ತುಂಡು ಮುರಿದಳು. ಒಳಗಿಂದ ನಾಣ್ಯ ಫಳಕ್ಕನೆ ಹೊಳೆಯಿತು. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಗುತ್ತಲೇ ಅತ್ತಳು. ಗಂಡ ಅವಳ ತಲೆಗೆ ಮುತ್ತಿಟ್ಟ. ಸ್ತಮಾತಿಯಾ ಮೂರು ಸಲ ಶಿಲುಬೆಯ ಗುರುತು ಮಾಡಿಕೊಂಡಳು. ತಾನು ಕೆಡಿಸಿದ್ದನ್ನು ದೇವರೇ ಸರಿಮಾಡಿದ್ದ.

ಊಟವಾದ ಮೇಲೆ ಸ್ತಮಾತಿಯಾ ಮರಿಯಳ ಪಾಲನ್ನು ದೇವರ ಪಟದ ಮುಂದಿಡಲು ಎತ್ತಿದಳು. ತುಂಡು ಕೈಯಲ್ಲೇ ಒಡೆಯಿತು. ಒಳಗೆ ಬೆಳ್ಳಿಹಾಳೆ. ಅದರೊಳಗೆ ಅವಳದೇ ನಾಣ್ಯ.

"ಬಾಯಿ ಮುಚ್ಚು," ಹಿಂದಿನಿಂದ ಅತ್ತೆ ಪಿಸುಗುಟ್ಟಿದಳು. "ಈ ಮನೇಲಿ ಕಳ್ಳಿ ನೀನೊಬ್ಳೇ ಅಂದ್ಕೊಂಡ್ಯಾ?"