ಎರಡು ಅಂಕದ ಪ್ರಶ್ನೆ

ಬೆಳಗಿನಿಂದ ಹುಚ್ಚೆದ್ದು ಹೊಡೆಯುತ್ತಿದ್ದ ಗಾಳಿ ಮಧ್ಯಾಹ್ನ ಥಟ್ಟನೆ ನಿಂತು, ಅಂಗಳಕ್ಕೆ ಬಿಸಿಲು ಬಂತು. ದೋಣಿಯನ್ನು ಬಿಗಿಯಾಗಿ ಕಟ್ಟಿ ಬರುತ್ತೇನೆಂದು ಇವರು ಹಗ್ಗ ತೆಗೆದುಕೊಂಡು ಎದ್ದರು. ಆರನೆಯ ತರಗತಿಯ ಮಗಳು ಬಾಗಿಲಿಗೆ ಅಡ್ಡ ನಿಂತಳು.

“ಅಪ್ಪಯ್ಯ, ಹೋಯ್ಬೇಡ. ಇದು ಚಂಡಮಾರುತದ ಕಣ್ಣ್. ನಡುವಲ್ಲಿ ಗಾಳಿ ಇರುದಿಲ್ಲ, ಕಣ್ಣ್ ದಾಟ್ದ ಕೂಡ್ಲೇ ಮತ್ತೆ ಬತ್ತ್ ಅಂತ ಟೀಚರ್ ಹೇಳಿದ್ರ್.”

“ನಿನ್ ಟೀಚರಿಗೆ ಕಡಲ್ ಗೊತ್ತಿತ್ತಾ ಮಾರಾಯ್ತಿ?” ಇವರು ನಕ್ಕರು. ಆದರೂ ಹೊಸ್ತಿಲಲ್ಲೇ ನಿಂತು ನನ್ನ ಮುಖ ನೋಡಿದರು.

ದೋಣಿ ಹೋದರೆ ಒಲೆ ಹೊತ್ತುವುದಿಲ್ಲ ಅನ್ನುವುದೊಂದೇ ನನ್ನ ತಲೆಯಲ್ಲಿತ್ತು. “ಬಾಯಿ ಮುಚ್ಕಂಡ್ ಒಳಗ್ ಬಾ. ಅವ್ರ್ ಹೋಯ್ ಬರ್ಲಿ” ಎಂದು ಅವಳ ತೋಳು ಹಿಡಿದು ಎಳೆದೆ.

ಅರ್ಧ ಗಂಟೆಯಲ್ಲಿ ಗಾಳಿ ತಿರುಗಿ ಬಂತು. ಇವರು ಬರಲಿಲ್ಲ.

ನಿನ್ನೆ ಮಗಳು ಪರೀಕ್ಷೆಯ ಉತ್ತರಪತ್ರಿಕೆಯನ್ನು ನನ್ನ ಸಹಿಗೆ ತಂದಳು. ಎಲ್ಲದಕ್ಕೂ ಪೂರ್ತಿ ಅಂಕ. ಎರಡು ಅಂಕದ ಒಂದು ಪ್ರಶ್ನೆಗೆ ಮಾತ್ರ ಸೊನ್ನೆ: ‘ಚಂಡಮಾರುತದ ಕಣ್ಣು ಎಂದರೇನು?’

ಅದರ ಕೆಳಗೆ ಅವಳ ದುಂಡು ಅಕ್ಷರ: ‘ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಅಮ್ಮನಿಗೆ ಹೇಳುತ್ತಿದ್ದೆ. ಅಮ್ಮ ಅಪ್ಪಯ್ಯನನ್ನು ತಡೆಯುತ್ತಿದ್ದಳು.’