ನಾಲ್ಕು ಅವಳಿಗೆ, ನಾಲ್ಕು ಅವನಿಗೆ

ಆ ಬೆಳಿಗ್ಗೆ ಮೋಡ ಕವಿದು, ಎಲೆಯೂ ಅಲುಗದಂಥ ಸೆಕೆ. ಆಸ್ಪತ್ರೆಯಲ್ಲಿದ್ದ ಅಮ್ಮನಿಗೆ ಮಧ್ಯಾಹ್ನ ಹೃದಯದ ಆಪರೇಷನ್ನು. ಒಳಗೆ ಹೋಗುವ ಮುನ್ನ, ತೀರಿಹೋದ ಅಪ್ಪನ ಹಾಡನ್ನೊಮ್ಮೆ ಕೇಳಬೇಕು ಎಂದಿದ್ದಳು. ಹಳೆಯ ಕ್ಯಾಸೆಟ್ಟಿನ ಗೊರಗೊರ ತೆಗೆದು ಹಾಡನ್ನು ಹಸನು ಮಾಡುವ ಕೆಲಸಕ್ಕೆ ಭಾರ್ಗವಿ ಕಂಪ್ಯೂಟರನ್ನು ಹಚ್ಚಿದ್ದಳು. ಅದರೊಳಗೇ ವರ್ಚುವಲ್ ಮೆಷಿನ್ ಎಂಬ ಇನ್ನೊಂದು ಕಂಪ್ಯೂಟರನ್ನು ತನಗಾಗಿ ಬೇರೆ ಕಟ್ಟಿಕೊಂಡು ತಮ್ಮ ಶ್ರೀಕಂಠ ಆನ್‌ಲೈನ್ ಆಟದ ಫೈನಲ್ ಆಡುತ್ತಿದ್ದ. ಕಂಪ್ಯೂಟರಿಗೆ ಎಂಟು ಕೋರ್, ಅಂದರೆ ದುಡಿಯುವ ಎಂಟು ಕೈ. ನಾಲ್ಕು ಅವಳಿಗೆ, ನಾಲ್ಕು ಅವನಿಗೆ ಎಂದು ಮಾತಾಗಿತ್ತು.

ಬೆಳಿಗ್ಗೆ ಅವನು ನಿದ್ದೆಯಿಂದ ಏಳುವ ಮೊದಲೇ ಭಾರ್ಗವಿ ಅವನ ಪಾಲಿನಿಂದ ಎರಡನ್ನು ಸದ್ದಿಲ್ಲದೆ ಎಳೆದುಕೊಂಡಿದ್ದಳು. ಆಮೇಲೆ ದೇವರ ದೀಪ ಹಚ್ಚಿದ್ದಳು.

“ಅಮ್ಮನಿಗಿಂತ ಆಟ ಹೆಚ್ಚಾಯ್ತೇನೋ?” ಎಂದಳು.

“ನನ್ನ ನಂಬಿ ಟೀಮಿನ ನಾಲ್ಕು ಜನ ಕೂತಿದಾರೆ ಕಣೇ ಅಕ್ಕ.”

ಆಟ ತಡವರಿಸುತ್ತಲೇ ಇತ್ತು. ಗೆಳೆಯರ ಬೈಗುಳ ಹೆಡ್‌ಫೋನಿನ ಹೊರಗೂ ಕೇಳಿಸಿತು. ಕೊನೆಗೆ ಅವನು ಅದನ್ನು ಕಳಚಿಟ್ಟ.

“ಸೋತ್ವಿ. ನನ್ನ ಮೆಷಿನ್ ಮುಚ್ಚಿದೀನಿ. ಉಳಿದದ್ದನ್ನೂ ನೀನೇ ತಗೋ.”

“ಉಳಿದದ್ದು ಅಂದ್ರೆ?”

“ಎರಡು. ಆಟ ಶುರು ಮಾಡೋವಾಗ್ಲೇ ನೋಡ್ದೆ. ಅಮ್ಮನಿಗಲ್ವಾ ಅಂತ ಸುಮ್ಮನಾದೆ.”

ಹನ್ನೊಂದಕ್ಕೆ ಹಾಡು ಸಿದ್ಧವಾಯಿತು. ಪೆನ್‌ಡ್ರೈವನ್ನು ಪರ್ಸಿನಲ್ಲಿಟ್ಟುಕೊಂಡ ಭಾರ್ಗವಿ, ಚಪ್ಪಲಿ ಮೆಟ್ಟುವ ಮುನ್ನ ಅವನ ಮೆಷಿನ್ನಿನ ಸೆಟ್ಟಿಂಗ್ ತೆರೆದು, ಎರಡು ಎಂದಿದ್ದ ಕಡೆ ನಾಲ್ಕು ಎಂದು ಬರೆದಳು.