ತಾಮ್ರದ ಎಳೆ

ರೇವಣಸಿದ್ದ ರೊಟ್ಟಿ ಡಬ್ಬಿಯಿಂದ ಆಂಟೆನಾ ತೆಗೆದು ಲ್ಯಾಬಿನ ಅಳತೆ ಯಂತ್ರದ ಕೇಬಲ್ಲಿಗೆ ಸಿಕ್ಕಿಸಿದ. ಅಂಗೈಯಗಲದ ಹಲಗೆ, ಅದಕ್ಕಂಟಿದ ತಾಮ್ರದ ಹಾಳೆ, ಹಾಳೆಯ ನಡುವೆ ಲಾಳದಾಕಾರದ ಸೀಳು. ಕಲ್ಯಾಣದಿಂದ ಐರೋಲಿಯ ಕಾಲೇಜಿಗೆ ಬರುವಾಗ ಲೋಕಲ್ ರೈಲಿನ ನೂಕಾಟದಲ್ಲಿ ಅದು ಬಾಗದಿರಲೆಂದು ಅವನು ಡಬ್ಬಿಯಲ್ಲೇ ತರುತ್ತಿದ್ದ.

ಯಂತ್ರದ ಪರದೆಯ ಮೇಲಿನ ಗೆರೆ ಎರಡು ಕಡೆ ಗುಂಡಿಯಂತೆ ಇಳಿದು, ನಡುವೆ ದಿಬ್ಬದಂತೆ ಎದ್ದು ನಿಂತಿತು. ದಿಬ್ಬ ತಗ್ಗಿ ಗುಂಡಿಗಳೆರಡೂ ಕೂಡಿದರೆ ಮಾತ್ರ ಆಂಟೆನಾ ಅಗಲವಾದ ತರಂಗ ಬ್ಯಾಂಡನ್ನು ಹಿಡಿದಂತೆ. ಊಟದ ನಂತರ ಪರೀಕ್ಷಕರು ಬರುವವರಿದ್ದರು. ಅಷ್ಟರಲ್ಲಿ ಆಗದಿದ್ದರೆ ಅವನಿಗೆ ಇನ್ನೊಂದು ಸೆಮಿಸ್ಟರ್.

"ಕಂಪ್ಯೂಟರಿನ್ಯಾಗ ಬರೋಬ್ಬರಿ ಬಂದಿತ್ರಿ ಮೇಡಂ."

"ಕಂಪ್ಯೂಟರಿನ ಹಲಗೆ ಬೇರೆ, ಅಂಗಡಿಯ ಹಲಗೆ ಬೇರೆ ಅಲ್ವಾ ಮಾರಾಯ," ಎಂದಳು ಅವನ ಗೈಡ್ ನಳಿನಾಕ್ಷಿ. ಮಾತು ಮುಗಿಯುವುದರೊಳಗೆ ಅವನ ಕೈಯಲ್ಲಿ ಬ್ಲೇಡು ಕಂಡು ಅವಳು ಅಡ್ಡ ಕೈ ಚಾಚಿದಳು. "ತಡಿ, ತಡಿ! ಇರೋದು ಇದೊಂದೇ. ಕೊಯ್ದದ್ದು ತಪ್ಪಿದರೆ?"

ರೇವಣಸಿದ್ದ ಬ್ಲೇಡು ಕೆಳಗಿಟ್ಟ. "ಹಂಗಾರ ಮೊದ್ಲ ಮುಚ್ಚಿ ನೋಡೂಣ್ರಿ."

ತಾಮ್ರದ ಟೇಪಿನ ಎರಡು ಚೂರು ಕತ್ತರಿಸಿ ಸೀಳಿನ ಎರಡೂ ತುದಿಗೆ ಅಂಟಿಸಿದ. ಬಲಗಡೆಯ ಗುಂಡಿ ಇನ್ನೂ ದೂರ ಸರಿಯಿತು, ದಿಬ್ಬ ಮತ್ತಷ್ಟು ಎದ್ದಿತು. ಅವನು ನಕ್ಕ.

"ನಗ್ತೀಯಲ್ಲ, ಇದ್ದದ್ದೂ ಕೆಟ್ಟಿತು!"

"ಕೆಡಬೇಕಿತ್ರಿ ಮೇಡಂ. ಸೀಳು ಗಿಡ್ಡ ಮಾಡಿದ್ರ ಆ ಕಡಿ ಓಡ್ತು. ಉದ್ದ ಮಾಡಿದ್ರ ಈ ಕಡಿ ಬರ್ಬೇಕಲ್ರಿ? ಈಗ ಕೊಯ್ಯಾಕ ಹೆದರಿಕಿಲ್ಲ."

ನಳಿನಾಕ್ಷಿ ಅವನನ್ನೇ ನೋಡಿದಳು. ಬೇಡವೆನ್ನಲು ಅವಳ ಬಳಿ ಕಾರಣಗಳು ಸಿದ್ಧವಾಗಿದ್ದವು. ಅವುಗಳಲ್ಲಿ ಒಂದೂ ಈಗ ನಿಲ್ಲುತ್ತಿರಲಿಲ್ಲ. ಭಯವಾದಾಗ ಹಿಂದೆ ಸರಿಯುವುದು ಅವಳಿಗೆ ಗೊತ್ತಿತ್ತು. ಇವನು ಆ ಭಯವನ್ನೇ ಮೇಜಿನ ಮೇಲಿಟ್ಟು ಅಳೆದು ನೋಡಿದ್ದ.

ಅವನು ಕೇಬಲ್ಲು ಬಿಚ್ಚಿ, ಟೇಪಿನ ಚೂರುಗಳನ್ನು ಕಿತ್ತು ಹಾಕಿದ. "ಹಲಗಿ ಗಟ್ಟಿ ಹಿಡೀರಿ. ಅಳಗಾಡಬಾರ್ದು."

ಹಿಡಿದಳು. ಫ್ಯಾನು ಆರಿಸಿ, ಉಸಿರು ಬಿಗಿಹಿಡಿದು ಅವನು ಸ್ಕೇಲಿನ ಅಂಚಿಗೆ ಬ್ಲೇಡೊತ್ತಿದ. ಒಂದು ತುದಿಯಲ್ಲಿ ಕೊಂಚ, ಇನ್ನೊಂದರಲ್ಲಿ ಅಷ್ಟೇ. ಕೂದಲಿನಂಥ ತಾಮ್ರದ ಎಳೆಗಳು ಎದ್ದು ಬಂದವು. ಅವನ್ನು ಚಿಮಟದಲ್ಲಿ ಎತ್ತಿ ಅವಳ ಅಂಗೈಗೆ ಹಾಕಿ, "ಒಗೀರಿ, ಕಸ," ಎಂದ. ಕೇಬಲ್ಲು ಮತ್ತೆ ಸಿಕ್ಕಿಸಿದ. ಬಲಗಡೆಯ ಗುಂಡಿ ಈಚೆ ಸರಿಯಿತು, ದಿಬ್ಬ ಕುಸಿಯಿತು. ಈ ತುದಿಯಿಂದ ಆ ತುದಿಯವರೆಗೆ ಒಂದೇ ಅಗಲವಾದ ತಗ್ಗು.

ಊಟ ಮುಗಿಸಿ ಬಂದ ಪರೀಕ್ಷಕರು ಆಂಟೆನಾವನ್ನು ತಿರುತಿರುಗಿಸಿ ನೋಡಿದರು. ಮತ್ತೆ ಪರದೆ ನೋಡಿದರು.

"ಅರೇ ವಾ! ಇತ್ನಾ ಬ್ಯಾಂಡ್‌ವಿಡ್ತ್! ಇಸ್‌ಮೇ ಕ್ಯಾ ಡಾಲಾ?" ಏನು ಸೇರಿಸಿದೆಯೆಂದು ಕೇಳಿದರು.

"ಡಾಲಾ ಕುಛ್ ನಹೀ ಸರ್," ಎಂದ ರೇವಣಸಿದ್ದ. "ನಿಕಾಲಾ."

ಏನನ್ನು ತೆಗೆದನೆಂದು ಪರೀಕ್ಷಕರು ಹುಬ್ಬೇರಿಸಿದರು. ನಳಿನಾಕ್ಷಿ ಆಗಿನಿಂದ ಬಿಗಿಹಿಡಿದಿದ್ದ ಮುಷ್ಟಿಯನ್ನು ಮೆಲ್ಲನೆ ಬಿಚ್ಚಿದಳು. ಬೆವೆತ ಅಂಗೈಯಲ್ಲಿ ತಾಮ್ರದ ಎರಡು ಎಳೆ ಮಿನುಗಿದವು.